ಅವಕಲ ಸಮೀಕರಣಗಳಿಗೆ ಕೈಗೆಟುಕುವ ಕೋಡ್ ಲೈಬ್ರರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ರಾಸಾಯನಿಕ ಕ್ರಿಯೆಗಳ ವೇಗವನ್ನು ಕುರಿತು ಸಂಶೋಧನೆ ನಡೆಸುತ್ತಿರುವ ವಿದ್ಯಾರ್ಥಿ. ಒಂದಕ್ಕೊಂದು ಹೆಣೆದುಕೊಂಡ ಹದಿನಾಲ್ಕು ಸಾಮಾನ್ಯ ಅವಕಲ ಸಮೀಕರಣಗಳನ್ನು ಸಂಖ್ಯಾತ್ಮಕವಾಗಿ ಬಿಡಿಸಬೇಕಾಗಿದೆ. ನಮ್ಮ ವಿಭಾಗದಲ್ಲಿದ್ದ ವಾಣಿಜ್ಯ ಲೈಬ್ರರಿಯ ಲೈಸೆನ್ಸ್ ಅವಧಿ ಮುಗಿದಿದೆ. ಅದನ್ನು ನವೀಕರಿಸಲು ಹಣವಿಲ್ಲ. ನಾನೇ ಬರೆದುಕೊಂಡ ನಾಲ್ಕನೇ ದರ್ಜೆಯ ರುಂಗೆ–ಕುಟ್ಟಾ ಪ್ರೋಗ್ರಾಮ್, ಒಂದು ಲೆಕ್ಕದಿಂದ ಮುಂದಿನದಕ್ಕೆ ಸಾಗುವ ಕಾಲದ ಹೆಜ್ಜೆಯನ್ನು ಸ್ವಲ್ಪ ಹಿಗ್ಗಿಸಿದರೂ ಅಸಂಬದ್ಧ ಸಂಖ್ಯೆಗಳನ್ನು ಕೊಡುತ್ತದೆ. ಹೆಜ್ಜೆಯನ್ನು ಕಿರಿದು ಮಾಡಿದರೆ ರಾತ್ರಿಯಿಡೀ ಓಡಿದರೂ ಮುಗಿಯುವುದಿಲ್ಲ. ಕಡಿಮೆ ವೆಚ್ಚದ, ಆದರೆ ಪ್ರಬಂಧದಲ್ಲಿ ಧೈರ್ಯವಾಗಿ ಹೆಸರಿಸಬಹುದಾದ ಲೈಬ್ರರಿ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳಿವೆ. ನೀವು ದೊಡ್ಡದೆಂದು ಭಾವಿಸಿರುವ ಹಣದ ತೊಂದರೆ ವಾಸ್ತವದಲ್ಲಿ ಚಿಕ್ಕದು. ಮಾತಿನ ನಡುವೆ ಹೇಳಿ ಮುಂದೆ ಸಾಗಿರುವ ಹೆಜ್ಜೆಯ ತೊಂದರೆಯೇ ದೊಡ್ಡದು. ಮೊದಲನೆಯದನ್ನು ಬೇಗ ಮುಗಿಸೋಣ.

ಸಾಮಾನ್ಯ ಅವಕಲ ಸಮೀಕರಣಗಳ ಮಟ್ಟಿಗೆ ಜಗತ್ತಿನ ಅತ್ಯುತ್ತಮ ಕೋಡ್‌ಗಳಲ್ಲಿ ಬಹುಪಾಲು ಹಲವು ದಶಕಗಳಿಂದ ಉಚಿತವಾಗಿಯೇ ಸಿಗುತ್ತಿವೆ. ಅವುಗಳಲ್ಲಿ ಅನೇಕವು ಸರ್ಕಾರಿ ಹಣದಿಂದ ನಡೆಯುವ ಪ್ರಯೋಗಾಲಯಗಳಲ್ಲಿ ಮತ್ತು ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿದವು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಅಲನ್ ಹೈಂಡ್‌ಮಾರ್ಶ್ ಅವರು ಕಟ್ಟಿದ ಓಡಿಇಪ್ಯಾಕ್ ಎಂಬ ಫೋರ್‌ಟ್ರಾನ್ ಸಂಗ್ರಹಕ್ಕೆ ಹಕ್ಕುಸ್ವಾಮ್ಯದ ಕಟ್ಟುಪಾಡೇ ಇಲ್ಲ. ಇಂತಹ ಕೋಡ್‌ಗಳನ್ನು ಯಾರು ಬೇಕಾದರೂ ಪಡೆಯಲೆಂದು ಜ್ಯಾಕ್ ಡೊಂಗಾರಾ ಮತ್ತು ಎರಿಕ್ ಗ್ರಾಸ್ 1985ರಲ್ಲಿ ನೆಟ್‌ಲಿಬ್ ಎಂಬ ಭಂಡಾರವನ್ನು ಆರಂಭಿಸಿದರು. ಆಗ ಇಮೇಲ್‌ನಲ್ಲಿ ಕೋಡ್‌ನ ಹೆಸರು ಬರೆದು ಕಳುಹಿಸಿದರೆ ಮರು ಇಮೇಲ್‌ನಲ್ಲಿ ಕೋಡ್ ಬರುತ್ತಿತ್ತು. ಆ ಭಂಡಾರ ಇಂದಿಗೂ ತೆರೆದಿದೆ. ಓಡಿಇಪ್ಯಾಕ್‌ನ ಪರಂಪರೆಯೇ ಮುಂದೆ 1990ರ ದಶಕದಲ್ಲಿ ಸಿ ಭಾಷೆಗೆ ಬಂದು, ಇಂದು ಸನ್‌ಡಯಲ್ಸ್ ಎಂಬ ಹೆಸರಿನಲ್ಲಿ ಅದೇ ಪ್ರಯೋಗಾಲಯದಿಂದ ನಿರ್ವಹಣೆಗೊಳ್ಳುತ್ತಿದೆ. ಜಿನೀವಾ ವಿಶ್ವವಿದ್ಯಾಲಯದ ಅರ್ನ್‌ಸ್ಟ್ ಹೈರರ್ ಮತ್ತು ಅವರ ಸಹೋದ್ಯೋಗಿಗಳ ಡೋಪ್ರಿ5, ಡಾಪ್853, ರಾಡೌ5 ಎಂಬ ಕೋಡ್‌ಗಳೂ ಮುಕ್ತವಾಗಿವೆ.

ಹಾಗಾದರೆ ನ್ಯಾಗ್, ಐಎಂಎಸ್‌ಎಲ್ ಮೊದಲಾದ ವಾಣಿಜ್ಯ ಲೈಬ್ರರಿಗಳಿಗೆ ಜನ ಹಣ ಕೊಡುವುದು ಏತಕ್ಕೆ ಎಂಬ ಅನುಮಾನ ಬರಬಹುದು. ಅವರು ಮಾರುವುದು ಗುಟ್ಟಿನ ಗಣಿತವನ್ನಲ್ಲ. ಪ್ರತಿ ಕಂಪೈಲರ್‌ನ ಮೇಲೂ ಪರೀಕ್ಷಿಸಿದ ಪ್ರತಿ, ಒಂದೇ ಶೈಲಿಯ ವಿವರವಾದ ಕೈಪಿಡಿ, ಕೇಳಿದಾಗ ಉತ್ತರಿಸುವ ತಜ್ಞರು, ಮತ್ತು ಅವಕಲ ಸಮೀಕರಣಗಳಾಚೆಗೆ ಸಂಖ್ಯಾಶಾಸ್ತ್ರದಿಂದ ಹಿಡಿದು ಗರಿಷ್ಠ-ಕನಿಷ್ಠಗಳ ಶೋಧದವರೆಗಿನ ಇಡೀ ಹರವು: ಇವು ಅಲ್ಲಿನ ಸರಕು. ವಿಮಾನದ ಭಾಗಗಳನ್ನು ವಿನ್ಯಾಸ ಮಾಡುವ ಸಂಸ್ಥೆಗೆ ಇವು ಬೆಲೆಯುಳ್ಳವು. ಹದಿನಾಲ್ಕು ಸಮೀಕರಣಗಳ ಒಬ್ಬ ಸಂಶೋಧಕರಿಗೆ ಅವುಗಳ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ನಿಜವಾದ ತೊಂದರೆಗೆ ಬರೋಣ. ಹೆಜ್ಜೆ ಹಿಗ್ಗಿದೊಡನೆ ಉತ್ತರ ಸಿಡಿದುಹೋಗುತ್ತದೆ, ಕುಗ್ಗಿಸಿದರೆ ಕೆಲಸ ಮುಗಿಯುವುದಿಲ್ಲ ಎಂದು ರಾಸಾಯನಿಕ ಕ್ರಿಯೆಗಳ ವೇಗವನ್ನು ಲೆಕ್ಕ ಹಾಕುವವರು ಹೇಳಿದಾಗ, ನೂರಕ್ಕೆ ತೊಂಬತ್ತು ಪಾಲು ಆ ಸಮೀಕರಣಗಳು ‘ಸ್ಟಿಫ್’ ಸ್ವಭಾವದವು ಎಂದು ಊಹಿಸಬಹುದು. ಅಂದರೆ, ಒಂದೇ ವ್ಯವಸ್ಥೆಯೊಳಗೆ ಅತಿ ವೇಗವಾಗಿ ಮುಗಿದುಹೋಗುವ ಕ್ರಿಯೆಯೂ ಅತಿ ನಿಧಾನವಾಗಿ ಸಾಗುವ ಕ್ರಿಯೆಯೂ ಜೊತೆಯಾಗಿವೆ. ವೇಗದ ಕ್ರಿಯೆ ಕ್ಷಣದಲ್ಲಿ ಅಡಗಿ, ಕಣ್ಣಿಗೆ ಕಾಣುವ ವಕ್ರರೇಖೆ ನುಣುಪಾಗಿ ಹರಿಯುತ್ತಿದ್ದರೂ, ನಿಮ್ಮ ರುಂಗೆ–ಕುಟ್ಟಾ ವಿಧಾನ ಮಾತ್ರ ಕೊನೆಯವರೆಗೂ ಆ ಅಡಗಿದ ವೇಗಕ್ಕೆ ತಕ್ಕಂತೆ ಪುಟ್ಟ ಹೆಜ್ಜೆಗಳನ್ನೇ ಇಡಬೇಕಾಗುತ್ತದೆ.

ಇದಕ್ಕೆ ಎಚ್. ಎಚ್. ರಾಬರ್ಟ್‌ಸನ್ 1966ರಲ್ಲಿ ಮುಂದಿಟ್ಟ ಮೂರು ವಸ್ತುಗಳ ಪ್ರಸಿದ್ಧ ಉದಾಹರಣೆಯನ್ನು ನೋಡಿ. ಅದರಲ್ಲಿ ಮೂರು ಕ್ರಿಯೆಗಳ ವೇಗಾಂಕಗಳು 0.04, 10,000 ಮತ್ತು 3 ಕೋಟಿ. ಆರಂಭದ ಕ್ಷಣಗಳು ಕಳೆದ ಮೇಲೆ ಈ ವ್ಯವಸ್ಥೆಯ ಅತಿವೇಗದ ಘಟಕದ ಕ್ಷಯದರ ಸೆಕೆಂಡಿಗೆ 2,000ವನ್ನು ದಾಟಿರುತ್ತದೆ, ಮುಂದೆ ಇನ್ನೂ ಏರುತ್ತದೆ. ನಾಲ್ಕನೇ ದರ್ಜೆಯ ಸಾಂಪ್ರದಾಯಿಕ ರುಂಗೆ–ಕುಟ್ಟಾ ಸ್ಥಿರವಾಗಿರಬೇಕಾದರೆ, ಈ ದರವನ್ನು ಹೆಜ್ಜೆಯ ಉದ್ದದಿಂದ ಗುಣಿಸಿದಾಗ ಬರುವ ಸಂಖ್ಯೆ ಸುಮಾರು 2.78ನ್ನು ಮೀರಬಾರದು. ಹಾಗೆಂದರೆ ಹೆಜ್ಜೆ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು. ಕೇವಲ 40 ಸೆಕೆಂಡುಗಳ ವರ್ತನೆ ತಿಳಿಯಲು ಹತ್ತಾರು ಸಾವಿರ ಹೆಜ್ಜೆಗಳು. ಅದೇ ಸಮಸ್ಯೆಯನ್ನು ಓಡಿಇಪ್ಯಾಕ್‌ನ ಎಲ್‌ಸೋಡ್ ಎಂಬ ಕೋಡ್ 4,000 ಕೋಟಿ ಸೆಕೆಂಡುಗಳ ತನಕ ಕೆಲವು ನೂರು ಹೆಜ್ಜೆಗಳಲ್ಲಿ ಬಿಡಿಸಿ ಮುಗಿಸುತ್ತದೆ. ಇಲ್ಲಿ ಕಂಪ್ಯೂಟರ್‌ನ ಶಕ್ತಿಯಾಗಲಿ ಭಾಷೆಯ ವೇಗವಾಗಲಿ ಲೆಕ್ಕಕ್ಕೇ ಬರುವುದಿಲ್ಲ. ಎಲ್‌ಸೋಡ್ ಪ್ರತಿ ಹೆಜ್ಜೆಯಲ್ಲೂ ಮುಂದಿನ ಮೌಲ್ಯವನ್ನು ನೇರವಾಗಿ ಲೆಕ್ಕ ಹಾಕುವ ಬದಲು, ಆ ಮೌಲ್ಯವನ್ನೇ ಅಜ್ಞಾತವಾಗಿ ಇಟ್ಟುಕೊಂಡು ಒಂದು ಬೀಜಗಣಿತದ ಸಮೀಕರಣವನ್ನು ಬಿಡಿಸುತ್ತದೆ. ಒಂದೊಂದು ಹೆಜ್ಜೆ ದುಬಾರಿಯಾದರೂ ಹೆಜ್ಜೆಯ ಉದ್ದಕ್ಕೆ ಸ್ಥಿರತೆಯ ಮಿತಿ ಅಡ್ಡಬರುವುದಿಲ್ಲ.

ಆದ್ದರಿಂದ ಯಾವ ಲೈಬ್ರರಿ ಅಗ್ಗ ಎಂದು ಕೇಳುವ ಮೊದಲು ನನ್ನ ಸಮೀಕರಣ ಯಾವ ಜಾತಿಯದು ಎಂದು ಕೇಳಿಕೊಳ್ಳಬೇಕು. ಸ್ಟಿಫ್ ಸಮಸ್ಯೆಗೆ ಹೊಂದದ ವಿಧಾನವನ್ನು ಎಷ್ಟೇ ಹಣ ತೆತ್ತು ತಂದರೂ ಅದು ನಿಮ್ಮ ಈಗಿನ ಪ್ರೋಗ್ರಾಮಿನಂತೆಯೇ ಏದುಸಿರು ಬಿಡುತ್ತದೆ.

ನಿಮಗೆ ಪೈಥಾನ್ ಬಂದರೆ ಸೈಪೈ ಲೈಬ್ರರಿಯ ‘ಸಾಲ್ವ್ ಐವಿಪಿ’ ಸಾಕು. ಒಂದು ಎಚ್ಚರಿಕೆ: ವಿಧಾನವನ್ನು ಹೆಸರಿಸದಿದ್ದರೆ ಅದು ತಾನಾಗಿ ಆರ್‌ಕೆ45ನ್ನು ಆರಿಸಿಕೊಳ್ಳುತ್ತದೆ. ಅದು 1980ರ ಡಾರ್ಮಂಡ್–ಪ್ರಿನ್ಸ್ ಸೂತ್ರಗಳ ಜೋಡಿ, ಅಂದರೆ ಮತ್ತೆ ರುಂಗೆ–ಕುಟ್ಟಾ ಕುಲದ್ದೇ. ನೀವು ಸ್ಟಿಫ್ ಸಮಸ್ಯೆಗೆ ಹೊಂದುವ ರಾಡೌ, ಬಿಡಿಎಫ್ ಅಥವಾ ಎಲ್‌ಸೋಡಾ ಎಂದು ಸ್ಪಷ್ಟವಾಗಿ ಸೂಚಿಸಬೇಕು. ಇವುಗಳಲ್ಲಿ ಎಲ್‌ಸೋಡಾ, ಲಿಂಡಾ ಪೆಟ್ಜೋಲ್ಡ್ ಅವರ ಕೊಡುಗೆಯಿಂದಾಗಿ, ಸಮಸ್ಯೆ ಸ್ಟಿಫ್ ಆಗಿದೆಯೇ ಇಲ್ಲವೇ ಎಂಬುದನ್ನು ದಾರಿಯಲ್ಲೇ ಗ್ರಹಿಸಿ ವಿಧಾನವನ್ನು ಬದಲಿಸಿಕೊಳ್ಳುತ್ತದೆ; ನಿಮ್ಮ ಸಮೀಕರಣಗಳ ಸ್ವಭಾವ ಖಚಿತವಾಗದಿರುವಾಗ ಅದರಿಂದಲೇ ಆರಂಭಿಸುವುದು ಒಳ್ಳೆಯದು. ಫೋರ್‌ಟ್ರಾನ್‌ನಲ್ಲೇ ಉಳಿಯಲು ಬಯಸಿದರೆ ಓಡಿಇಪ್ಯಾಕ್, ಸಿ ಅಥವಾ ಸಿ++ ಆದರೆ ಸನ್‌ಡಯಲ್ಸ್‌ನಲ್ಲಿರುವ ಸಿವೋಡ್, ಆರ್ ಭಾಷೆಯಾದರೆ ಡಿಸಾಲ್ವ್. ಹೊಸ ಭಾಷೆ ಕಲಿಯುವ ಉತ್ಸಾಹವಿದ್ದರೆ ಜೂಲಿಯಾ ಭಾಷೆಯ ಡಿಫರೆನ್ಶಿಯಲ್ ಈಕ್ವೇಶನ್ಸ್ ಪ್ಯಾಕೇಜ್‌ನಲ್ಲಿ ಇರುವಷ್ಟು ವಿಧಾನಗಳು ಒಂದೇ ಕಡೆ ಬೇರೆಲ್ಲೂ ಸಿಗುವುದು ಅಪರೂಪ; ಆದರೆ ಪ್ರಬಂಧ ಒಪ್ಪಿಸುವ ಗಡುವು ಹತ್ತಿರವಿರುವವರಿಗೆ ಅದನ್ನು ನಾನು ಶಿಫಾರಸು ಮಾಡಲಾರೆ.

ಟಾಲರೆನ್ಸ್, ಅಂದರೆ ಉತ್ತರದಲ್ಲಿ ಒಪ್ಪಿಕೊಳ್ಳಬಹುದಾದ ದೋಷದ ಮಿತಿಯ ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಉಚಿತ ಕೋಡ್ ತಪ್ಪು ಉತ್ತರ ಕೊಟ್ಟಿತೆಂಬ ದೂರುಗಳಲ್ಲಿ ಬಹಳಷ್ಟು ಇಲ್ಲಿಂದ ಹುಟ್ಟುತ್ತವೆ. ಸಾಲ್ವ್ ಐವಿಪಿಯಲ್ಲಿ ಏನನ್ನೂ ಹೇಳದಿದ್ದರೆ ಸಾಪೇಕ್ಷ ದೋಷದ ಮಿತಿ ಸಾವಿರದಲ್ಲಿ ಒಂದು ಪಾಲು, ನಿರಪೇಕ್ಷ ದೋಷದ ಮಿತಿ ಹತ್ತು ಲಕ್ಷದಲ್ಲಿ ಒಂದು ಪಾಲು. ಇದು ಚಿತ್ರ ಬಿಡಿಸಿ ನೋಡಲು ಸಾಕು, ಸಂಶೋಧನಾ ಪ್ರಬಂಧಕ್ಕೆ ಸಾಲದು. ರಾಬರ್ಟ್‌ಸನ್‌ರ ಉದಾಹರಣೆಯಲ್ಲಿ ನಡುವಿನ ವಸ್ತುವಿನ ಪ್ರಮಾಣ ಒಂದು ಲಕ್ಷದಲ್ಲಿ ನಾಲ್ಕು ಪಾಲನ್ನೂ ಮುಟ್ಟುವುದಿಲ್ಲ. ಅಂಥದ್ದಕ್ಕೆ ಹತ್ತು ಲಕ್ಷದಲ್ಲಿ ಒಂದು ಪಾಲಿನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ ಎಂದರೆ ಅದರ ಮೌಲ್ಯದ ಗಣನೀಯ ಭಾಗವನ್ನೇ ಬಿಟ್ಟುಕೊಟ್ಟಂತೆ. ನಿಮ್ಮ ಹದಿನಾಲ್ಕು ವಸ್ತುಗಳಲ್ಲಿ ಅಲ್ಪ ಪ್ರಮಾಣದಲ್ಲಿರುವ ಮಧ್ಯಂತರ ವಸ್ತುಗಳು ಖಂಡಿತ ಇರುತ್ತವೆ. ಪ್ರತಿ ವಸ್ತುವಿಗೂ ಅದರ ಗಾತ್ರಕ್ಕೆ ತಕ್ಕ ನಿರಪೇಕ್ಷ ಮಿತಿಯನ್ನು ಬೇರೆಬೇರೆಯಾಗಿ ಕೊಡಲು ಮೇಲೆ ಹೇಳಿದ ಕೋಡ್‌ಗಳು ಅವಕಾಶ ನೀಡುತ್ತವೆ, ಅದನ್ನು ಬಳಸಿಕೊಳ್ಳಿ. ಸಾಧ್ಯವಾದರೆ, ಒಂದೊಂದು ವಸ್ತುವಿನ ಪ್ರಮಾಣ ಬದಲಾದಾಗ ಪ್ರತಿ ಸಮೀಕರಣದ ಬಲಬದಿ ಎಷ್ಟು ಬದಲಾಗುತ್ತದೆ ಎಂದು ತಿಳಿಸುವ ಜಾಕೋಬಿಯನ್ ಮಾತೃಕೆಯನ್ನೂ ನೀವೇ ಬರೆದುಕೊಡಿ. ಕೊಡದಿದ್ದರೆ ಕೋಡ್ ತಾನೇ ಅಂದಾಜು ಮಾಡಿಕೊಳ್ಳುತ್ತದೆ, ಸಾಮಾನ್ಯವಾಗಿ ಅದೂ ನಡೆಯುತ್ತದೆ.

ನಂಬಿಕೆಯ ವಿಷಯ. ಉತ್ತರವನ್ನು ಹೇಗೆ ಪರೀಕ್ಷಿಸಿದಿರಿ ಎಂದು ಪರೀಕ್ಷಕರು ಕೇಳಬೇಕು, ಕೇಳಿಯೂ ಕೇಳುತ್ತಾರೆ. ಲೈಬ್ರರಿಗೆ ಎಷ್ಟು ಹಣ ಕೊಟ್ಟಿರಿ ಎಂದು ಯಾರೂ ಕೇಳುವುದಿಲ್ಲ. ಟಾಲರೆನ್ಸನ್ನು ಹತ್ತು ಪಟ್ಟು ಬಿಗಿಗೊಳಿಸಿ ಮತ್ತೆ ಓಡಿಸಿ, ನೀವು ಪ್ರಕಟಿಸಲಿರುವ ಅಂಕಿಗಳು ಅಲುಗಾಡುವುದಿಲ್ಲವೇ ನೋಡಿ. ಒಟ್ಟು ದ್ರವ್ಯರಾಶಿಯಂತೆ ಬದಲಾಗಬಾರದ ಮೊತ್ತವಿದ್ದರೆ ಕೊನೆಯ ಕ್ಷಣದಲ್ಲಿ ಅದನ್ನು ಕೂಡಿಸಿ ನೋಡಿ. ಆದರೆ ಮೊತ್ತ ಸರಿ ಬಂದ ಮಾತ್ರಕ್ಕೆ ಉತ್ತರ ಸರಿ ಎಂದುಕೊಳ್ಳಬೇಡಿ, ಏಕೆಂದರೆ ಇಂತಹ ಸರಳ ಮೊತ್ತಗಳನ್ನು ಅನೇಕ ವಿಧಾನಗಳು ಉತ್ತರ ಕೆಟ್ಟಾಗಲೂ ಕಾಪಾಡಿಕೊಳ್ಳುತ್ತವೆ. ಬೇರೊಂದು ಕೋಡ್‌ನಿಂದ ಮರುಪರಿಶೀಲನೆ ಮಾಡುವಾಗ ಅದು ನಿಜಕ್ಕೂ ಬೇರೆಯೇ ಆಗಿರಲಿ. ಸೈಪೈಯ ಎಲ್‌ಸೋಡಾ ಮತ್ತು ಉಚಿತ ಗಣಿತ ತಂತ್ರಾಂಶವಾದ ಆಕ್ಟೇವ್‌ನ ಎಲ್‌ಸೋಡ್ ಒಪ್ಪಿದವು ಎಂದು ಸಂತೋಷಪಡುವವರಿದ್ದಾರೆ. ಅವೆರಡೂ ಓಡಿಇಪ್ಯಾಕ್‌ನ ಮಕ್ಕಳು. ಒಂದು ಕಡೆ ಎಲ್‌ಸೋಡಾ, ಇನ್ನೊಂದು ಕಡೆ ರಾಡೌ ಎಂದಿಟ್ಟುಕೊಂಡರೆ ಹೋಲಿಕೆಗೆ ಅರ್ಥವಿರುತ್ತದೆ.

ಪ್ರಶ್ನೆ: ನಮ್ಮದು ಚಿಕ್ಕ ಸಂಸ್ಥೆ. ಯಂತ್ರಗಳ ಕಂಪನವನ್ನು ಲೆಕ್ಕ ಹಾಕುವ ತಂತ್ರಾಂಶವನ್ನು ಸಿದ್ಧಪಡಿಸಿ ಮಾರುತ್ತೇವೆ. ಉಚಿತ ಲೈಬ್ರರಿಯನ್ನು ಅದರೊಳಗೆ ಸೇರಿಸಿದರೆ ಮುಂದೆ ಕಾನೂನಿನ ತೊಡಕು ಬರಬಹುದೇ?

ಉತ್ತರ: ಬರಬಹುದು. ಉಚಿತವಾಗಿ ಸಿಗುವ ಕೋಡ್‌ಗಳೆಲ್ಲ ಒಂದೇ ಷರತ್ತಿನ ಮೇಲೆ ಸಿಗುವುದಿಲ್ಲ. ಸನ್‌ಡಯಲ್ಸ್ ಮತ್ತು ಸೈಪೈ ಬಿಎಸ್‌ಡಿ ಲೈಸೆನ್ಸ್‌ನಲ್ಲಿವೆ: ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡು ನಿಮ್ಮ ಮಾರಾಟದ ತಂತ್ರಾಂಶದಲ್ಲಿ ಧಾರಾಳವಾಗಿ ಸೇರಿಸಬಹುದು, ನಿಮ್ಮ ಮೂಲ ಕೋಡನ್ನು ಬಯಲುಮಾಡಬೇಕಾಗಿಲ್ಲ. ಸಿ++ನಲ್ಲಿ ಬರೆಯುವವರಿಗೆ ಬೂಸ್ಟ್ ಸಂಗ್ರಹದ ಓಡಿಇಇಂಟ್ ಕೂಡ ಇದೇ ಬಗೆಯ ಸಡಿಲ ಷರತ್ತಿನದು. ಗ್ನೂ ಸೈಂಟಿಫಿಕ್ ಲೈಬ್ರರಿಯಾದರೋ ಜಿಪಿಎಲ್ ಲೈಸೆನ್ಸ್‌ನದು. ಅದನ್ನು ಸಂಸ್ಥೆಯೊಳಗೆ ಮಾತ್ರ ಬಳಸುವಾಗ ತೊಂದರೆಯಿಲ್ಲ. ಆದರೆ ಅದನ್ನು ಸೇರಿಸಿ ಕಟ್ಟಿದ ತಂತ್ರಾಂಶವನ್ನು ಗ್ರಾಹಕರಿಗೆ ಕೊಟ್ಟಿರೆಂದರೆ, ಆ ಗ್ರಾಹಕರಿಗೆ ಇಡೀ ತಂತ್ರಾಂಶದ ಮೂಲ ಕೋಡನ್ನೂ ಅದೇ ಲೈಸೆನ್ಸ್‌ನಡಿ ಒದಗಿಸುವ ಹೊಣೆ ನಿಮ್ಮದಾಗುತ್ತದೆ. ಇದು ಜಿಪಿಎಲ್‌ನ ದೋಷವಲ್ಲ, ಅದರ ಉದ್ದೇಶವೇ ಅದು. ನಿಮ್ಮ ವ್ಯಾಪಾರಕ್ಕೆ ಅದು ಹೊಂದುತ್ತದೆಯೇ ಎಂಬುದನ್ನು ನೀವು ನಿರ್ಧರಿಸಬೇಕು.

ಹೆಚ್ಚಿನವರು ಎಡವುವ ಜಾಗ ಬೇರೆ ಇದೆ. ಪಠ್ಯಪುಸ್ತಕದಲ್ಲಿ ಅಚ್ಚಾದ ಕೋಡ್ ಎಂದರೆ ಎಲ್ಲರ ಸ್ವತ್ತು ಎಂಬ ಭಾವನೆ ವ್ಯಾಪಕವಾಗಿದೆ. ಪುಸ್ತಕ ಕೊಂಡವರು ಅದರ ಕೋಡನ್ನು ತಮ್ಮ ಸ್ವಂತ ಬಳಕೆಗೆ ಟೈಪ್ ಮಾಡಿಕೊಳ್ಳಬಹುದು, ಆದರೆ ಇತರರಿಗೆ ಹಂಚುವಂತಿಲ್ಲ ಎಂಬ ಷರತ್ತು ಇಂತಹ ಜನಪ್ರಿಯ ಪುಸ್ತಕಗಳಲ್ಲಿ ಇರುತ್ತದೆ. ಹಾಗೆಯೇ ಎಸಿಎಂ ಎಂಬ ಕಂಪ್ಯೂಟರ್ ತಜ್ಞರ ಸಂಘವು ತನ್ನ ಪತ್ರಿಕೆಯ ಮೂಲಕ ಪ್ರಕಟಿಸಿರುವ ಕ್ರಮವಿಧಿಗಳ ಸಂಗ್ರಹದಲ್ಲಿ ಅನೇಕ ಕೋಡ್‌ಗಳು ವಾಣಿಜ್ಯೇತರ ಬಳಕೆಗೆ ಮಾತ್ರ ಮುಕ್ತ. ಯಾವ ಲೈಸೆನ್ಸನ್ನೂ ನಮೂದಿಸದೆ ಯಾರೋ ಬಯಲಿಗಿಟ್ಟ ಕೋಡ್ ಇನ್ನೂ ಅಪಾಯಕಾರಿ, ಏಕೆಂದರೆ ಮೌನವೆಂದರೆ ಅನುಮತಿಯಲ್ಲ. ಲೇಖಕರಿಗೆ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ, ಇಲ್ಲವೇ ಬಿಟ್ಟುಬಿಡಿ. ಕೊನೆಯದಾಗಿ, ಲೈಬ್ರರಿ ತಾನು ಆಶ್ರಯಿಸಿರುವ ಇತರ ಲೈಬ್ರರಿಗಳ ಷರತ್ತನ್ನೂ ನೋಡಬೇಕು. ಸನ್‌ಡಯಲ್ಸ್ ಬಿಎಸ್‌ಡಿಯದಾದರೂ ವಿರಳ ಮಾತೃಕೆಗಳಿಗಾಗಿ ಅದರೊಂದಿಗೆ ಜೋಡಿಸಬಹುದಾದ ಕೆಎಲ್‌ಯು, ಜಿಪಿಎಲ್‌ಗಿಂತ ಸಡಿಲವಾದರೂ ತನ್ನದೇ ಷರತ್ತುಗಳಿರುವ ಎಲ್‌ಜಿಪಿಎಲ್‌ನಡಿ ಬರುತ್ತದೆ. ಕೆಎಲ್‌ಯು ಬೇಕೇಬೇಕೆಂದಿಲ್ಲ, ಆದರೆ ಸೇರಿಸಿದ್ದೀರಿ ಎಂಬುದು ನಿಮಗೆ ಗೊತ್ತಿರಬೇಕು.

ಕಂಪನದ ಸಮಸ್ಯೆಗೆ ಸಂಬಂಧಿಸಿ ಇನ್ನೊಂದು ಮಾತು. ಘರ್ಷಣೆ ಅತ್ಯಲ್ಪವಿರುವ ವ್ಯವಸ್ಥೆಯನ್ನು ಬಹಳ ಹೊತ್ತು ಅನುಸರಿಸಬೇಕಾದಾಗ, ಸ್ಟಿಫ್ ಸಮಸ್ಯೆಗೆಂದೇ ಮಾಡಿದ ಬಿಡಿಎಫ್ ವಿಧಾನಗಳು ಇಲ್ಲದ ಘರ್ಷಣೆಯನ್ನು ತಾವೇ ತಂದು ಸೇರಿಸಿ ಕಂಪನವನ್ನು ಮೆಲ್ಲನೆ ಅಡಗಿಸಿಬಿಡಬಲ್ಲವು. ಗ್ರಾಹಕರು ಅದನ್ನು ಯಂತ್ರದ ಗುಣವೆಂದು ತಿಳಿದಾರು. ಅಲ್ಲಿ ಡಾಪ್853ರಂತಹ ಉನ್ನತ ದರ್ಜೆಯ ರುಂಗೆ–ಕುಟ್ಟಾ, ಅಥವಾ ಶಕ್ತಿಯನ್ನು ದೀರ್ಘಕಾಲ ಹತೋಟಿಯಲ್ಲಿಡುವ ಸಿಂಪ್ಲೆಕ್ಟಿಕ್ ವಿಧಾನಗಳು ಸೂಕ್ತ. ಬೂಸ್ಟ್‌ನ ಸಂಗ್ರಹದಲ್ಲಿ ಸಿಂಪ್ಲೆಕ್ಟಿಕ್ ವಿಧಾನಗಳೂ ಇವೆ.

ಪ್ರಶ್ನೆ: ಪದವಿ ತರಗತಿಗೆ ಗಣಿತ ಕಲಿಸುತ್ತೇನೆ. ಪ್ರೋಗ್ರಾಮಿಂಗ್ ಹೆಚ್ಚು ತಿಳಿಯದ ವಿದ್ಯಾರ್ಥಿಗಳಿಗೆ ಯಾವುದು ಅನುಕೂಲ?

ಉತ್ತರ: ಗ್ನೂ ಆಕ್ಟೇವ್. ಮ್ಯಾಟ್‌ಲ್ಯಾಬ್‌ನ ಆಜ್ಞೆಗಳೇ ಬಹುಮಟ್ಟಿಗೆ ಇಲ್ಲಿಯೂ ನಡೆಯುವುದರಿಂದ, ಮ್ಯಾಟ್‌ಲ್ಯಾಬ್‌ಗಾಗಿ ಬರೆದ ಅಭ್ಯಾಸದ ಹಾಳೆಗಳನ್ನು ಹೆಚ್ಚು ಬದಲಿಸದೆ ಬಳಸಬಹುದು. ಓಡಿಇ45 ಎಂಬ ಆಜ್ಞೆ ಎರಡರಲ್ಲೂ ಇದೆ, ಎರಡರಲ್ಲೂ ಅದೇ ಡಾರ್ಮಂಡ್–ಪ್ರಿನ್ಸ್ ಜೋಡಿ. ಸೈಲ್ಯಾಬ್ ಕೂಡ ಒಳ್ಳೆಯದೇ, ಆದರೆ ಅದರ ಬರವಣಿಗೆಯ ರೀತಿ ತುಸು ಬೇರೆ. ಆಯ್ಲರ್ ವಿಧಾನವನ್ನು ಮಾತ್ರ ವಿದ್ಯಾರ್ಥಿಗಳು ಒಮ್ಮೆ ಕೈಯಾರೆ ಬರೆಯಲಿ. ಹೆಜ್ಜೆಯನ್ನು ಅರ್ಧ ಮಾಡಿದಾಗ ದೋಷವೂ ಅರ್ಧವಾಗುವುದನ್ನು, ರುಂಗೆ–ಕುಟ್ಟಾದಲ್ಲಿ ಅದೇ ದೋಷ ಹದಿನಾರನೇ ಒಂದು ಪಾಲಿಗೆ ಇಳಿಯುವುದನ್ನು ಕಣ್ಣಾರೆ ಕಂಡವರಿಗೆ ಲೈಬ್ರರಿಯ ಟಾಲರೆನ್ಸ್ ಏನೆಂದು ಮತ್ತೆ ವಿವರಿಸಬೇಕಾಗುವುದಿಲ್ಲ.

ಪ್ರಶ್ನೆ: ಲೋಹದ ಸರಳಿನಲ್ಲಿ ಶಾಖ ಹರಡುವುದನ್ನು ಲೆಕ್ಕ ಹಾಕಬೇಕು. ಅದು ಆಂಶಿಕ ಅವಕಲ ಸಮೀಕರಣ. ಮೇಲಿನ ಲೈಬ್ರರಿಗಳು ಇದಕ್ಕೂ ಒದಗುತ್ತವೆಯೇ, ಅಥವಾ ದುಬಾರಿ ತಂತ್ರಾಂಶವೇ ಬೇಕೇ?

ಉತ್ತರ: ಸರಳಿನಂತಹ ಒಂದೇ ಆಯಾಮದ ಆಕಾರಕ್ಕೆ ಇವೇ ಸಾಕು. ಸರಳನ್ನು ಉದ್ದಕ್ಕೂ ನೂರು ತುಂಡುಗಳೆಂದು ಎಣಿಸಿ, ಪ್ರತಿ ಬಿಂದುವಿನ ಉಷ್ಣತೆಗೆ ಅಕ್ಕಪಕ್ಕದ ಬಿಂದುಗಳನ್ನು ಅವಲಂಬಿಸಿದ ಒಂದೊಂದು ಸಾಮಾನ್ಯ ಅವಕಲ ಸಮೀಕರಣ ಬರೆಯಿರಿ. ಆ ಸಮೂಹವನ್ನು ಲೈಬ್ರರಿಗೆ ಒಪ್ಪಿಸಿ. ಇಲ್ಲಿಯೂ ಸ್ಟಿಫ್ ಸ್ವಭಾವ ತಲೆಹಾಕುತ್ತದೆ. ಉದ್ದವನ್ನೂ ಶಾಖದ ವಿಸರಣಾಂಕವನ್ನೂ ಒಂದು ಎಂದಿಟ್ಟುಕೊಂಡರೆ, ನೂರು ತುಂಡುಗಳಿಗೆ ಅತಿವೇಗದ ಘಟಕದ ದರ ಸುಮಾರು 40,000. ತುಂಡುಗಳನ್ನು ಇಮ್ಮಡಿಗೊಳಿಸಿದರೆ ಅದು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸಿವೋಡ್ ಅಥವಾ ಎಲ್‌ಸೋಡಾ ಬಳಸಿ, ಮತ್ತು ಜಾಕೋಬಿಯನ್ ಮಾತೃಕೆಯಲ್ಲಿ ಮುಖ್ಯ ಕರ್ಣ ಮತ್ತು ಅದರ ಎರಡೂ ಬದಿಯ ಒಂದೊಂದು ಸಾಲು ಮಾತ್ರ ತುಂಬಿವೆ ಎಂಬುದನ್ನು ಕೋಡ್‌ಗೆ ತಿಳಿಸಿ. ಅದನ್ನು ತಿಳಿಸದಿದ್ದರೆ ಬರೀ ಸೊನ್ನೆಗಳ ನಡುವೆ ಲೆಕ್ಕ ಮಾಡುತ್ತಾ ಕಂಪ್ಯೂಟರ್ ಕಾಲ ಕಳೆಯುತ್ತದೆ.

ಆಕಾರ ಜಟಿಲವಾದಾಗ, ಎರಡು ಮೂರು ಆಯಾಮಗಳು ಬಂದಾಗ, ಆಕಾರವನ್ನು ಪುಟ್ಟ ತುಣುಕುಗಳಾಗಿ ಒಡೆದು ಲೆಕ್ಕ ಹಾಕುವ ಪರಿಮಿತ ಘಟಕ ವಿಧಾನದ ಪ್ರತ್ಯೇಕ ಲೈಬ್ರರಿಗಳು ಬೇಕಾಗುತ್ತವೆ. ಫ್ರೀಫೆಮ್, ಫೆನಿಕ್ಸ್, ಡೀಲ್ ಟು ಇವೆಲ್ಲ ಮುಕ್ತ ತಂತ್ರಾಂಶಗಳೇ. ಸಮೀಕರಣವನ್ನು ಕಾಗದದಲ್ಲಿ ಬರೆಯುವ ರೂಪಕ್ಕೆ ಹತ್ತಿರವಾಗಿಯೇ ಬರೆಯಬಹುದಾದ್ದರಿಂದ ಮೊದಲ ಸಲ ಪ್ರಯತ್ನಿಸುವವರಿಗೆ ಫ್ರೀಫೆಮ್ ಸುಲಭ. ದ್ರವಗಳ ಹರಿವಿಗೆ ಓಪನ್‌ಫೋಮ್ ಇದೆ. ಅದನ್ನು ಕಲಿಯಲು ವಾರಗಳಲ್ಲ, ತಿಂಗಳುಗಳು ಬೇಕೆಂದು ತಿಳಿದೇ ಹೊರಡಿ. ದುಬಾರಿ ತಂತ್ರಾಂಶಕ್ಕೆ ಕೊಡುವ ಹಣಕ್ಕೆ ಸಮರ್ಥನೆ ಸಿಗುವುದಾದರೆ ಇಲ್ಲೇ: ಆಕಾರವನ್ನು ಚಿತ್ರಿಸಿ ಜಾಲವಾಗಿ ವಿಭಜಿಸುವ ಕೆಲಸವನ್ನು ಅವು ಬಹಳ ಹಗುರ ಮಾಡುತ್ತವೆ. ಬಿಡಿಸುವ ಭಾಗದಲ್ಲಿ ಅಂತಹ ಅಂತರವಿಲ್ಲ.

ಪ್ರಶ್ನೆ: ನೆಟ್‌ಲಿಬ್‌ನ ಹಳೆಯ ಫೋರ್‌ಟ್ರಾನ್ ಕೋಡ್‌ಗಳು ಈಗಿನ ಕಂಪ್ಯೂಟರ್‌ಗಳಲ್ಲಿ ಓಡುತ್ತವೆಯೇ?

ಉತ್ತರ: ಓಡುತ್ತವೆ. ಉಚಿತವಾದ ಜಿಫೋರ್‌ಟ್ರಾನ್ ಕಂಪೈಲರ್‌ಗೆ ಹಳೆಯ ಶೈಲಿಯನ್ನು ಒಪ್ಪಿಕೊಳ್ಳುವಂತೆ ಸೂಚಿಸುವ ಲೆಗಸಿ ಆಯ್ಕೆಯನ್ನು ಕೊಟ್ಟರೆ ಎಚ್ಚರಿಕೆಯ ಸಂದೇಶಗಳೂ ಕಡಿಮೆಯಾಗುತ್ತವೆ. ಎರಡು ಸಂಗತಿಗಳನ್ನು ಗಮನಿಸಿ. ಒಂದು, ಹೆಸರಿನ ಮೊದಲಿಗೆ ‘ಡಿ’ ಇರುವ ಆವೃತ್ತಿಯನ್ನೇ ಆರಿಸಿಕೊಳ್ಳಿ. ಎಲ್‌ಸೋಡ್‌ಗೆ ಡಿಎಲ್‌ಸೋಡ್ ಎಂಬುದು ದುಪ್ಪಟ್ಟು ನಿಖರತೆಯ ರೂಪ, ಮತ್ತು ನಿಮ್ಮ ಸ್ಥಿರಾಂಕಗಳನ್ನೂ ದುಪ್ಪಟ್ಟು ನಿಖರತೆಯಲ್ಲೇ ಬರೆಯಬೇಕು, ಇಲ್ಲದಿದ್ದರೆ ಏಳೆಂಟು ಅಂಕಿಗಳಾಚೆ ಕಸವೇ ಉಳಿಯುತ್ತದೆ. ಎರಡು, ಓಡಿಇಪ್ಯಾಕ್ ತನ್ನ ಆಂತರಿಕ ಸ್ಥಿತಿಯನ್ನು ಇಡೀ ಪ್ರೋಗ್ರಾಮ್ ಹಂಚಿಕೊಳ್ಳುವ ಸ್ಮೃತಿಭಾಗಗಳಾದ ಕಾಮನ್ ಬ್ಲಾಕ್‌ಗಳಲ್ಲಿ ಇಟ್ಟುಕೊಳ್ಳುತ್ತದೆ. ಒಂದೇ ಪ್ರೋಗ್ರಾಮಿನೊಳಗೆ ಎರಡು ಸಮಸ್ಯೆಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪ ಮುಂದಕ್ಕೆ ಒಯ್ಯುವುದಾದರೆ ಪ್ರತಿ ಬದಲಾವಣೆಯಲ್ಲೂ ಆ ಸ್ಥಿತಿಯನ್ನು ಉಳಿಸಿ ಮರಳಿ ತುಂಬಬೇಕು. ಅದಕ್ಕೆಂದೇ ಸಂಗ್ರಹದಲ್ಲಿ ಡಿಎಸ್‌ಆರ್‌ಕಾಮ್ ಎಂಬ ಉಪಕ್ರಮವಿದೆ. ಹಲವು ಥ್ರೆಡ್‌ಗಳಲ್ಲಿ ಏಕಕಾಲಕ್ಕೆ ಓಡಿಸುವ ಯೋಜನೆಯಿದ್ದರೆ ಓಡಿಇಪ್ಯಾಕ್ ಬಿಟ್ಟು ಸಿವೋಡ್ ಹಿಡಿಯಿರಿ. ಅಲ್ಲಿ ಪ್ರತಿ ಸಮಸ್ಯೆಯ ಸ್ಥಿತಿಯೂ ಅದರದೇ ಸ್ಮೃತಿಭಾಗದಲ್ಲಿ ಇರುತ್ತದೆ.